ಮುಟ್ಟಿದರೆ ಕೆಡುವುದಿಲ್ಲ, ಬಿಟ್ಟರೆ ಕೆಡುತ್ತದೆ
(ಮನೆಯ ಕಂಪ್ಯೂಟರ್ ಕಾಪಾಡುವ ಪಾಠ)



ಮಧುವನಹಳ್ಳಿ ಕೊಳ್ಳೇಗಾಲದಿಂದ ಹನೂರಿಗೆ ಹೋಗುವ ದಾರಿಯಲ್ಲಿದೆ. ಈ ಊರಿನಲ್ಲಿ ಬಟ್ಟೆ ಹೊಲಿಯುವ ಒಬ್ಬ ಅಕ್ಕ ಇದ್ದಾರೆ. ಎಲ್ಲರೂ ಅವರನ್ನು ಟೈಲರಕ್ಕ ಎನ್ನುತ್ತಾರೆ. ಹಗಲೆಲ್ಲ ಹೊಲಿಗೆ. ಸಂಜೆ ನಮ್ಮ ಕಲಿಕಾ ಕೇಂದ್ರಕ್ಕೆ ಬರುತ್ತಾರೆ. ಮೊದಲು ಹೆಬ್ಬೆಟ್ಟು ಒತ್ತುತ್ತಿದ್ದರು. ಈಗ ರುಜು ಹಾಕುತ್ತಾರೆ. ಬಸ್ಸಿನ ಬೋರ್ಡು ಓದುತ್ತಾರೆ. ಅಳತೆಯನ್ನು ತಾವೇ ಬರೆದುಕೊಳ್ಳುತ್ತಾರೆ.

ಅವರ ಮನೆಯಲ್ಲಿ ಒಂದು ಕಂಪ್ಯೂಟರ್ ಇದೆ. ಮಗ ಓದುವಾಗ ಹಳೆಯದನ್ನು ಕೊಂಡು ತಂದಿದ್ದ. ಓದು ಮುಗಿಯಿತು. ಅವನು ಬೆಂಗಳೂರಿಗೆ ಕೆಲಸಕ್ಕೆ ಹೋದ. ಹೋಗುವಾಗ ಒಂದು ಮಾತು ಹೇಳಿ ಹೋದ.

"ಅವ್ವ, ಇದ ಮುಟ್ಬ್ಯಾಡ. ಕೆಟ್ಟೋಯ್ತದೆ."

ಟೈಲರಕ್ಕ ಮುಟ್ಟಲಿಲ್ಲ. ಮಗಳು ಮಾತ್ರ ಅದರಲ್ಲಿ ಸ್ವಸಹಾಯ ಸಂಘದ ಲೆಕ್ಕ ಬರೆಯುತ್ತಿದ್ದಳು. ಸಂಘದಲ್ಲಿ 14 ಜನ. ಯಾರು ಎಷ್ಟು ಉಳಿತಾಯ ಕಟ್ಟಿದರು, ಯಾರಿಗೆ ಎಷ್ಟು ಸಾಲ ಕೊಟ್ಟರು, ಎಷ್ಟು ತೀರಿತು, ಎಲ್ಲವೂ ಅದರಲ್ಲೇ. "ಕಂಪ್ಯೂಟರಿನಲ್ಲಿ ಇದೆಯಲ್ಲ, ಇನ್ನು ಪುಸ್ತಕ ಯಾಕೆ?" ಎಂದು ಪುಸ್ತಕ ಬರೆಯುವುದನ್ನು ನಿಲ್ಲಿಸಿಬಿಟ್ಟರು.

ಒಂದು ಬೇಸಿಗೆ. ಏಪ್ರಿಲ್ ತಿಂಗಳು. ಭಾನುವಾರ ಸಂಘದ ಸಭೆ. ವರ್ಷದ ಲೆಕ್ಕ ಓದಬೇಕು. ಶುಕ್ರವಾರ ಮಗಳು ಕಂಪ್ಯೂಟರ್ ಹಾಕಿದಳು. ಸ್ವಲ್ಪ ಹೊತ್ತು ನಡೆಯಿತು. ಗುರ್ ಎಂದು ಸದ್ದು ಬಂತು. ಆಮೇಲೆ ನಿಂತುಹೋಯಿತು. ಮತ್ತೆ ಹಾಕಿದಳು. ಮತ್ತೆ ನಿಂತಿತು. ಮೂರನೆಯ ಸಲ ಹತ್ತಲೇ ಇಲ್ಲ.

ಭಾನುವಾರ ಸಭೆ ಸೇರಿತು. ಲೆಕ್ಕ ಇಲ್ಲ. ಒಬ್ಬರು ಕೇಳಿಯೇ ಬಿಟ್ಟರು.

"ಲೆಕ್ಕ ಕಳೆದೋಯ್ತಾ, ಇಲ್ಲಾ ಕಳೆದು ಹಾಕುದ್ರಾ?"

ಟೈಲರಕ್ಕನಿಗೆ ಆ ಮಾತು ಮುಳ್ಳಿನ ಹಾಗೆ ಚುಚ್ಚಿತು. ಹತ್ತು ವರ್ಷದಿಂದ ಸಂಘ ನಡೆಸಿದ್ದರು. ಒಂದು ರೂಪಾಯಿ ಹೆಚ್ಚುಕಮ್ಮಿ ಆಗಿರಲಿಲ್ಲ. ಅಂದು ರಾತ್ರಿ ಅವರು ಊಟ ಮಾಡಲಿಲ್ಲ.

ಮಾರನೆಯ ದಿನ ನಾವು ಅವರ ಮನೆಗೆ ಹೋದೆವು.

"ಟೀಚರಮ್ಮ, ಮುಟ್ಬ್ಯಾಡ ಅಂದಿದ್ದ. ನಾ ಮುಟ್ನೇ ಇಲ್ಲ ಕನವ್ವ. ಆದ್ರೂ ಕೆಟ್ಟೋಯ್ತಲ್ಲ" ಎಂದು ಕಣ್ಣು ಒರೆಸಿಕೊಂಡರು.

ಕೊಳ್ಳೇಗಾಲದಿಂದ ಒಬ್ಬ ರಿಪೇರಿ ಹುಡುಗನನ್ನು ಕರೆಸಿದೆವು. ಅವನು ಡಬ್ಬದ ಪಕ್ಕದ ತಗಡು ಬಿಚ್ಚಿದ. ಒಳಗೆ ನೋಡಿದರೆ ಏನಿದೆ? ನೂಲಿನ ಎಳೆ, ಬಟ್ಟೆಯ ಹಿಂಜು, ಧೂಳು. ಎಲ್ಲ ಸೇರಿ ಹಾಸಿಗೆಯ ಹತ್ತಿಯ ಹಾಗೆ ಗಟ್ಟಿಯಾಗಿತ್ತು. ಒಳಗಿನ ಸಣ್ಣ ಫ್ಯಾನು ತಿರುಗದೆ ಸಿಕ್ಕಿಹಾಕಿಕೊಂಡಿತ್ತು.

ಟೈಲರಕ್ಕ ಬಗ್ಗಿ ನೋಡಿದರು.

"ಅಯ್ಯೋ, ಇಷ್ಟೇನಾ? ಇದು ನಮ್ ಮಿಷನ್ನಿನ ಶಟಲ್ಲಲ್ಲಿ ಕೂತ್ಕೊಳ್ಳೋ ಕಸ ಇದ್ದಂಗದೆ. ಅದನ್ನ ನಾನು ವಾರವಾರ ಬ್ರಷ್ ಹಾಕಿ ತೆಗೀತೀನಿ!"

ಹೌದು ಅಕ್ಕಂದಿರೇ, ಇಷ್ಟೇ. ಫ್ಯಾನು ನಿಂತಿತು. ಒಳಗೆ ಬಿಸಿ ಏರಿತು. ಬಿಸಿ ಏರಿದರೆ ಕಂಪ್ಯೂಟರ್ ತನ್ನನ್ನು ತಾನೇ ಆರಿಸಿಕೊಳ್ಳುತ್ತದೆ. ಹಾಗೆ ಬಿಸಿಯಾಗಿ ಆಗಿ ಕೊನೆಗೆ ಒಂದು ಭಾಗ ಸುಟ್ಟಿತ್ತು. ಪುಣ್ಯಕ್ಕೆ ಲೆಕ್ಕ ಇಟ್ಟ ಭಾಗ ಚೆನ್ನಾಗಿತ್ತು. ಲೆಕ್ಕ ಸಿಕ್ಕಿತು. ಆದರೆ ಎರಡು ವಾರದ ಹೊಲಿಗೆಯ ದುಡ್ಡು ರಿಪೇರಿಗೆ ಹೋಯಿತು.

ಹೊಲಿಗೆ ಮಿಷನ್ ಬಿಚ್ಚಿ ಜೋಡಿಸುವ ಕೈ ಅದು. ಆ ಕೈಗೆ ಕಂಪ್ಯೂಟರ್ ಮುಟ್ಟಬೇಡ ಎಂದು ಹೇಳಿದ್ದೇ ತಪ್ಪು. ಬನ್ನಿ, ಮುಟ್ಟುವುದು ಹೇಗೆ ಎಂದು ಕಲಿಯೋಣ.

1. ಭಾಗಗಳ ಹೆಸರು

ಮೊದಲು ಹೆಸರು ತಿಳಿಯೋಣ. ಹೆಸರು ಗೊತ್ತಿದ್ದರೆ ಹೆದರಿಕೆ ಅರ್ಧ ಹೋಗುತ್ತದೆ.

ಮಾನಿಟರ್: ಟಿವಿಯ ಹಾಗೆ ಕಾಣುವುದು. ಇದರ ಮೇಲೆ ಅಕ್ಷರ, ಚಿತ್ರ ಮೂಡುತ್ತವೆ.

ಸಿಪಿಯು ಡಬ್ಬ: ಕೆಲಸ ಮಾಡುವುದು ಇದು. ಲೆಕ್ಕ, ಪತ್ರ, ಫೋಟೊ ಇರುವುದು ಇದರ ಒಳಗೆ. ಫ್ಯಾನು ಇರುವುದೂ ಇಲ್ಲೇ.

ಕೀಬೋರ್ಡ್: ಅಕ್ಷರದ ಗುಂಡಿಗಳ ಹಲಗೆ. ಒತ್ತಿದರೆ ಅಕ್ಷರ ಮೂಡುತ್ತದೆ.

ಮೌಸ್: ಕೈಯಲ್ಲಿ ಹಿಡಿದು ಸರಿಸುವುದು. ಇದನ್ನು ಸರಿಸಿದರೆ ತೆರೆಯ ಮೇಲೆ ಬಾಣದ ಗುರುತು ಓಡಾಡುತ್ತದೆ.

ಲ್ಯಾಪ್‌ಟಾಪ್: ಇವೆಲ್ಲವೂ ಒಂದರಲ್ಲೇ ಇರುವ, ಪುಸ್ತಕದ ಹಾಗೆ ಮಡಚುವ ಕಂಪ್ಯೂಟರ್. ಇದರ ಒಳಗೆ ಬ್ಯಾಟರಿ ಇರುತ್ತದೆ.

2. ನಾಲ್ಕು ಶತ್ರುಗಳು

ಕಂಪ್ಯೂಟರಿಗೆ ನಾಲ್ಕು ಶತ್ರುಗಳು. ಧೂಳು, ಬಿಸಿ, ನೀರು, ಏರಿಳಿಯುವ ಕರೆಂಟು. ನಮ್ಮ ಕೈ ಶತ್ರುವಲ್ಲ.

ಧೂಳು ಫ್ಯಾನನ್ನು ಕಟ್ಟುತ್ತದೆ. ಫ್ಯಾನು ಕಟ್ಟಿದರೆ ಬಿಸಿ ಏರುತ್ತದೆ. ಅಂದರೆ ಧೂಳೂ ಬಿಸಿಯೂ ಅಕ್ಕತಂಗಿಯರು. ಒಬ್ಬಳು ಬಂದರೆ ಇನ್ನೊಬ್ಬಳೂ ಬರುತ್ತಾಳೆ.

ಆದ್ದರಿಂದ ಕಂಪ್ಯೂಟರ್ ಇಡುವ ಜಾಗ ನೋಡಿ.

ಒಲೆಯ ಹತ್ತಿರ ಬೇಡ. ಹೊಗೆ, ಒಗ್ಗರಣೆಯ ಜಿಡ್ಡು ಧೂಳಿನ ಜೊತೆ ಸೇರಿ ಅಂಟಾಗುತ್ತದೆ.

ಬಿಸಿಲು ಬೀಳುವ ಕಿಟಕಿಯ ಕೆಳಗೆ ಬೇಡ. ಮಳೆಯ ಎರಚಲು ಬರುವ ಕಡೆಯೂ ಬೇಡ.

ಹೊಲಿಗೆ ಮಿಷನ್, ರಾಗಿ ಮೂಟೆ, ಹುಲ್ಲು ಇವುಗಳ ಪಕ್ಕ ಬೇಡ.

ಸಿಪಿಯು ಡಬ್ಬವನ್ನು ನೆಲಕ್ಕೆ ಇಡಬೇಡಿ. ಕಸ ಗುಡಿಸುವಾಗ ಧೂಳು ಹೋಗುತ್ತದೆ. ನೆಲ ಒರೆಸುವಾಗ ನೀರು ತಾಗುತ್ತದೆ. ಒಂದು ಮಣೆಯ ಮೇಲೆ ಇಡಿ. ಗೋಡೆಗೆ ಒತ್ತಬೇಡಿ. ಹಿಂದೆ ಒಂದು ಗೇಣು ಜಾಗ ಬಿಡಿ. ಬಿಸಿ ಗಾಳಿ ಹೊರಗೆ ಹೋಗಲು ದಾರಿ ಬೇಕು.

ಇನ್ನೊಂದು ಮಾತು. ಟೈಲರಕ್ಕ ಕಂಪ್ಯೂಟರಿಗೆ ಚಂದದ ಕಸೂತಿ ಬಟ್ಟೆ ಹೊದಿಸಿದ್ದರು. ಕೆಲಸ ನಡೆಯುವಾಗಲೂ ಬಟ್ಟೆ ಅದರ ಮೇಲೇ ಇತ್ತು. ಬೇಸಿಗೆಯಲ್ಲಿ ಕಂಬಳಿ ಹೊದ್ದರೆ ನಮಗೆ ಹೇಗಿರುತ್ತದೆ? ಅದಕ್ಕೂ ಹಾಗೆಯೇ. ಆರಿಸಿ ತಣ್ಣಗಾದ ಮೇಲೆ ಬಟ್ಟೆ ಹೊದಿಸಿ. ಹಾಕುವ ಮುಂಚೆ ಪೂರ್ತಿ ತೆಗೆಯಿರಿ.

ಲ್ಯಾಪ್‌ಟಾಪನ್ನು ಹಾಸಿಗೆ, ದಿಂಬಿನ ಮೇಲೆ ಇಟ್ಟು ನಡೆಸಬೇಡಿ. ಗಾಳಿಯ ಕಿಂಡಿ ಮುಚ್ಚುತ್ತದೆ. ಮೇಜು ಇಲ್ಲದಿದ್ದರೆ ಒಂದು ಮರದ ಹಲಗೆ ಸಾಕು.

3. ಶುಚಿ ಮಾಡುವ ಕ್ರಮ

ಬೇಕಾದ ಸಾಮಾನು: ಒಂದು ಹೊಸ ಪೇಂಟ್ ಬ್ರಷ್, ಒಂದು ಹಳೆಯ ಮೆತ್ತನೆಯ ಹತ್ತಿ ಬಟ್ಟೆ. ಅಷ್ಟೇ.

ಒಂದು: ಕಂಪ್ಯೂಟರ್ ಆರಿಸಿ. ಗೋಡೆಯ ಸ್ವಿಚ್ ಆರಿಸಿ. ಪಿನ್ನನ್ನೂ ಕೀಳಿ. ತಣ್ಣಗಾಗಲು ಬಿಡಿ.

ಎರಡು: ಕೈ ತೊಳೆದು ಒಣಗಿಸಿಕೊಳ್ಳಿ. ಒದ್ದೆ ಕೈ ಬೇಡ.

ಮೂರು: ಡಬ್ಬದ ಹಿಂದೆ, ಪಕ್ಕದಲ್ಲಿ ತೂತುಗಳಿವೆ. ಅಲ್ಲಿ ಕೂತ ಧೂಳನ್ನು ಬ್ರಷ್ಷಿನಿಂದ ಹೊರಗೆ ಎಳೆಯಿರಿ. ಒಳಗೆ ತಳ್ಳಬೇಡಿ.

ನಾಲ್ಕು: ಕೀಬೋರ್ಡನ್ನು ಬೋರಲು ಹಿಡಿದು ಮೆಲ್ಲಗೆ ತಟ್ಟಿ. ಮೊರ ತಟ್ಟಿದ ಹಾಗೆ. ಪುರಿ, ಕೂದಲು, ಧೂಳು ಉದುರುತ್ತದೆ. ಗುಂಡಿಗಳ ಸಂದಿಯಲ್ಲಿ ಬ್ರಷ್ ಆಡಿಸಿ.

ಐದು: ಮಾನಿಟರಿನ ಗಾಜನ್ನು ಒಣ ಬಟ್ಟೆಯಿಂದ ಮೆಲ್ಲಗೆ ಒರೆಸಿ. ಒತ್ತಿ ಉಜ್ಜಬೇಡಿ. ಕಲೆ ಹೋಗದಿದ್ದರೆ ಬಟ್ಟೆಯ ಮೂಲೆಯನ್ನು ಒದ್ದೆ ಮಾಡಿ, ಚೆನ್ನಾಗಿ ಹಿಂಡಿ ಒರೆಸಿ. ನೀರನ್ನು ಗಾಜಿನ ಮೇಲೆ ಚಿಮುಕಿಸಬೇಡಿ. ಸೋಪು, ಫಿನಾಯಿಲ್ ಬೇಡ.

ಆರು: ಎಲ್ಲ ಒಣಗಿದೆಯೇ ನೋಡಿ. ಆಮೇಲೆ ಪಿನ್ ಹಾಕಿ.

ಹೊರಗಿನ ಈ ಕೆಲಸ ವಾರಕ್ಕೊಮ್ಮೆ ಸಾಕು. ಡಬ್ಬದ ಒಳಗಿನ ಧೂಳನ್ನು ಐದಾರು ತಿಂಗಳಿಗೆ ಒಮ್ಮೆ, ಬಲ್ಲವರಿಂದ ತೆಗೆಸಿ. ಹೊಲಿಗೆ, ಹಿಟ್ಟು, ಹೊಗೆ ಇರುವ ಮನೆಯಾದರೆ ಇನ್ನೂ ಬೇಗ ತೆಗೆಸಿ. ಒಮ್ಮೆ ಪಕ್ಕದಲ್ಲಿ ಕೂತು ನೋಡಿ. ನಿಮಗೂ ತಿಳಿಯುತ್ತದೆ.

ಇಲ್ಲಿ ಒಂದು ಎಚ್ಚರ. ಹೊಲಿಗೆ ಮಿಷನ್ನಿಗೆ ಎಣ್ಣೆ ಬಿಡುತ್ತೇವೆ. ಕಂಪ್ಯೂಟರಿಗೆ ಎಣ್ಣೆ ಬೇಡವೇ ಬೇಡ. ಡಬ್ಬದ ಒಳಗೆ ಇನ್ನೊಂದು ಸಣ್ಣ ತಗಡಿನ ಪೆಟ್ಟಿಗೆ ಇರುತ್ತದೆ. ಗೋಡೆಯಿಂದ ಬಂದ ಕರೆಂಟು ಮೊದಲು ಅದಕ್ಕೆ ಹೋಗುತ್ತದೆ. ಅದನ್ನು ಯಾವತ್ತೂ ಬಿಚ್ಚಬಾರದು. ಪಿನ್ ಕಿತ್ತ ಮೇಲೂ ಅದರಲ್ಲಿ ಕರೆಂಟು ಉಳಿದಿರುತ್ತದೆ.

ಆಯುಧ ಪೂಜೆಯ ದಿನ ಮಿಷನ್ನಿಗೆ, ಸೈಕಲ್ಲಿಗೆ ಪೂಜೆ ಮಾಡುತ್ತೇವೆ. ಕಂಪ್ಯೂಟರಿಗೂ ಮಾಡಿ. ಆದರೆ ಆರಿಸಿ ಮಾಡಿ. ಕುಂಕುಮವನ್ನು ಡಬ್ಬದ ಹೊರಮೈಗೆ ಮಾತ್ರ ಇಡಿ. ತೂತಿನ ಹತ್ತಿರ ಬೇಡ, ಗಾಜಿಗೆ ಬೇಡ. ನೀರು ಪ್ರೋಕ್ಷಣೆ ಬೇಡ. ಊದುಬತ್ತಿಯನ್ನು ದೂರ ಚುಚ್ಚಿ.

4. ಕರೆಂಟಿನ ಮಾತು

ಕರೆಂಟು ನಮ್ಮ ಸೀಮೆಗೆ ಹೊಸದಲ್ಲ. ನಮ್ಮ ಕಾವೇರಿಯ ಶಿವನಸಮುದ್ರದಲ್ಲಿ 1902ರಲ್ಲೇ ನೀರಿನಿಂದ ಕರೆಂಟು ತೆಗೆದರು. ಅದನ್ನು ದೂರದ ಕೋಲಾರದ ಚಿನ್ನದ ಗಣಿಗೆ ಕಳಿಸಿದರು. 1905ರಲ್ಲಿ ಬೆಂಗಳೂರಿನ ಬೀದಿಗೆ ಅದೇ ಕರೆಂಟಿನ ದೀಪ ಬಂತು. ಅಷ್ಟು ಹಳೆಯ ನಂಟು ನಮ್ಮದು. ಆದರೂ ಅದರ ಜೊತೆ ಹುಷಾರಾಗಿರಬೇಕು.

ಕರೆಂಟು ಹೋಗಿ ಬರುವಾಗ ಒಮ್ಮೊಮ್ಮೆ ಜೋರಾಗಿ ಬರುತ್ತದೆ. ಬಲ್ಬು ಪಳ್ಳನೆ ಹೊಳೆಯುವುದನ್ನು ನೀವೇ ನೋಡಿದ್ದೀರಿ. ಆ ಏಟು ಕಂಪ್ಯೂಟರಿಗೂ ಬೀಳುತ್ತದೆ. ಆದ್ದರಿಂದ ಕರೆಂಟು ಹೋದ ಕೂಡಲೇ ಗೋಡೆಯ ಸ್ವಿಚ್ ಆರಿಸಿ. ಬಂದ ಮೇಲೆ ಐದು ನಿಮಿಷ ಬಿಟ್ಟು ಹಾಕಿ.

ಯುಪಿಎಸ್ ಎಂಬ ಪೆಟ್ಟಿಗೆ ಸಿಗುತ್ತದೆ. ಅದರಲ್ಲಿ ಬ್ಯಾಟರಿ ಇದೆ. ಕರೆಂಟು ಹೋದರೆ ಅದು ಸ್ವಲ್ಪ ಹೊತ್ತು ಕಂಪ್ಯೂಟರನ್ನು ನಡೆಸುತ್ತದೆ. ಅದು ಸಿನಿಮಾ ನೋಡಲು ಅಲ್ಲ. ಬರೆದದ್ದನ್ನು ಉಳಿಸಿ, ಸರಿಯಾಗಿ ಆರಿಸಲು.

ಗುಡುಗು ಮಿಂಚು ಬಂದರೆ ಸ್ವಿಚ್ ಆರಿಸಿದರೆ ಸಾಲದು. ಪಿನ್ ಕೀಳಬೇಕು. ಇಂಟರ್‌ನೆಟ್ಟಿನ ವೈರು ಇದ್ದರೆ ಅದನ್ನೂ ಕೀಳಬೇಕು. ಮಿಂಚು ಹೊಡೆಯುವಾಗ ಮುಟ್ಟಲು ಹೋಗಬೇಡಿ. ಮೋಡ ಕಟ್ಟಿದಾಗಲೇ ಕಿತ್ತಿಡಿ.

ಮೂರು ಕಾಲಿನ ಪಿನ್ನೇ ಬೇಕು. ದಪ್ಪ ಕಾಲು ಅರ್ಥಿನದು. ಅದು ನಮ್ಮ ಜೀವ ಕಾಯುತ್ತದೆ. ಅದನ್ನು ಮುರಿದು ಎರಡು ಕಾಲಿನ ಪ್ಲಗ್ಗಿಗೆ ತುರುಕಬೇಡಿ. ಡಬ್ಬ ಮುಟ್ಟಿದರೆ ಜುಮ್ ಎನ್ನುತ್ತದೆಯೇ? ಅರ್ಥ್ ಸರಿಯಿಲ್ಲ. ಅಂದೇ ಕರೆಂಟು ಕೆಲಸದವರಿಗೆ ತೋರಿಸಿ. ಅಲ್ಲಿಯವರೆಗೆ ಹಾಕಬೇಡಿ.

ಇಲಿ ವೈರು ಕಡಿಯುತ್ತದೆ. ತಿಂಗಳಿಗೊಮ್ಮೆ, ಪಿನ್ ಕಿತ್ತು, ವೈರನ್ನು ಉದ್ದಕ್ಕೂ ನೋಡಿ. ಒಳಗಿನ ತಂತಿ ಕಂಡರೆ ಆ ವೈರು ಬದಲಿಸಿ.

5. ನೀರು, ಟೀ ಚೆಲ್ಲಿದರೆ

ಕಂಪ್ಯೂಟರಿನ ಹತ್ತಿರ ಟೀ ಲೋಟ ಇಡಬೇಡಿ. ಚೆಲ್ಲಿಯೇ ಹೋಯಿತೇ? ಗಾಬರಿ ಬೇಡ. ಮೊದಲು ಗೋಡೆಯ ಸ್ವಿಚ್ ಆರಿಸಿ. ಸ್ವಿಚ್ ಬೋರ್ಡೇ ಒದ್ದೆಯಾಗಿದ್ದರೆ ಅದನ್ನು ಮುಟ್ಟಬೇಡಿ. ಮನೆಯ ಮೇನ್ ಸ್ವಿಚ್ ಆರಿಸಿ. ಆಮೇಲೆ ಪಿನ್ ಕೀಳಿ.

ಲ್ಯಾಪ್‌ಟಾಪ್ ಆದರೆ ಅದನ್ನೂ ಆರಿಸಿ. ತೆರೆದು ಬೋರಲು ಇಡಿ. ನೀರು ಕೆಳಗೆ ಇಳಿಯಲಿ. ಒಣ ಬಟ್ಟೆಯಿಂದ ಒತ್ತಿ ತೆಗೆಯಿರಿ. ಒಲೆಯ ಮುಂದೆ, ಸುಡುವ ಬಿಸಿಲಲ್ಲಿ ಒಣಗಿಸಬೇಡಿ. "ಆಯ್ತಾ ನೋಡುವಾ" ಎಂದು ಹಾಕಿ ನೋಡಬೇಡಿ. ಒದ್ದೆ ಇರುವಾಗ ಹಾಕಿದರೇ ಸುಡುವುದು. ರಿಪೇರಿಯವರಿಗೆ ತೋರಿಸಿ.

ಲ್ಯಾಪ್‌ಟಾಪಿನ ಹೊಟ್ಟೆ ಉಬ್ಬಿದ ಹಾಗೆ ಕಂಡರೆ ಬ್ಯಾಟರಿ ಕೆಟ್ಟಿದೆ. ಚಾರ್ಜ್ ಹಾಕಬೇಡಿ. ಒತ್ತಬೇಡಿ, ಚುಚ್ಚಬೇಡಿ. ಬೆಂಕಿ ಹತ್ತಬಹುದು. ಮಕ್ಕಳಿಂದ ದೂರ ಇಟ್ಟು, ಬಲ್ಲವರಿಗೆ ಕೊಡಿ.

6. ಹಾಕುವುದು, ಆರಿಸುವುದು, ನಿಂತುಹೋದರೆ

ಕಂಪ್ಯೂಟರನ್ನು ಬಲ್ಬಿನ ಹಾಗೆ ಪಟ್ಟನೆ ಆರಿಸಬಾರದು. ಮೊದಲು ತೆರೆದ ಕೆಲಸ ಮುಚ್ಚಬೇಕು. ತೆರೆಯ ಮೇಲೆ ಶಟ್ ಡೌನ್ ಎಂದು ಇರುತ್ತದೆ. ಅದನ್ನು ಒತ್ತಬೇಕು. ಅದು ತಾನೇ ಆರುತ್ತದೆ. ಆಮೇಲೆ ಗೋಡೆಯ ಸ್ವಿಚ್.

ಒಮ್ಮೊಮ್ಮೆ ಕಂಪ್ಯೂಟರ್ ಮಾತು ಕೇಳುವುದಿಲ್ಲ. ಬಾಣದ ಗುರುತು ಅಲ್ಲಾಡುವುದಿಲ್ಲ. ಆಗ ಸಿಟ್ಟಿನಿಂದ ಹತ್ತು ಸಲ ಒತ್ತಬೇಡಿ. ಎರಡು ಮೂರು ನಿಮಿಷ ಸುಮ್ಮನೆ ಕಾಯಿರಿ. ಬಹಳ ಸಲ ತಾನೇ ಸರಿಹೋಗುತ್ತದೆ. ಏನೂ ಆಗದಿದ್ದರೆ ಕೊನೆಗೆ ಒಂದು ದಾರಿ. ಡಬ್ಬದ ಮೇಲಿನ ಹಾಕುವ ಗುಂಡಿಯನ್ನು ಹತ್ತು ಎಣಿಸುವವರೆಗೆ ಒತ್ತಿ ಹಿಡಿಯಿರಿ. ಆರುತ್ತದೆ. ಉಳಿಸದ ಬರಹ ಹೋಗುತ್ತದೆ. ಆದ್ದರಿಂದ ಇದು ಕೊನೆಯ ದಾರಿ ಮಾತ್ರ.

ಹತ್ತದೇ ಇದ್ದರೆ? ರಿಪೇರಿಗೆ ಕರೆಯುವ ಮುಂಚೆ ಮೂರು ನೋಡಿ. ಮನೆಯಲ್ಲಿ ಕರೆಂಟು ಇದೆಯೇ? ಪಿನ್ ಸರಿಯಾಗಿ ಕೂತಿದೆಯೇ? ಮಾನಿಟರಿನ ವೈರು ಕಳಚಿದೆಯೇ? ಎಷ್ಟೋ ಸಲ ಅಷ್ಟೇ ಆಗಿರುತ್ತದೆ. ಒಂದು ವೈರು ಒತ್ತಿ ಕೂರಿಸುವುದಕ್ಕೆ ದುಡ್ಡು ಕೊಡುವುದು ಯಾಕೆ?

7. ತಪ್ಪು ಮಾಡಿದರೆ ಬಿಚ್ಚಬಹುದು

ಹೊಲಿಗೆ ತಪ್ಪಿದರೆ ಏನು ಮಾಡುತ್ತೀರಿ? ಬಿಚ್ಚಿ ಮತ್ತೆ ಹಾಕುತ್ತೀರಿ. ಕಂಪ್ಯೂಟರಿನಲ್ಲೂ ಬಿಚ್ಚುವ ದಾರಿ ಇದೆ. ಕೀಬೋರ್ಡಿನ ಕೆಳಮೂಲೆಯಲ್ಲಿ ಕಂಟ್ರೋಲ್ ಎಂಬ ಗುಂಡಿ ಇದೆ. ಅದನ್ನು ಒತ್ತಿಕೊಂಡೇ ಝಡ್ ಗುಂಡಿ ಒತ್ತಿ. ಈಗ ತಾನೇ ಮಾಡಿದ ತಪ್ಪು ಹಿಂದಕ್ಕೆ ಹೋಗುತ್ತದೆ. ಅಳಿಸಿದ ಸಾಲು ಮತ್ತೆ ಬರುತ್ತದೆ.

ಪೂರ್ತಿ ಒಂದು ಪತ್ರವನ್ನೇ ಅಳಿಸಿದ್ದೀರಾ? ತೆರೆಯ ಮೇಲೆ ಕಸದ ಬುಟ್ಟಿಯ ಚಿತ್ರ ಇದೆ. ಅಳಿಸಿದ್ದು ಸಾಮಾನ್ಯವಾಗಿ ಅಲ್ಲಿ ಕೂತಿರುತ್ತದೆ. ಅಲ್ಲಿಂದ ವಾಪಸ್ಸು ತರಬಹುದು. ಪೆನ್‌ಡ್ರೈವಿನಿಂದ ಅಳಿಸಿದ್ದು ಮಾತ್ರ ಅಲ್ಲಿಗೆ ಬರುವುದಿಲ್ಲ, ನೆನಪಿರಲಿ.

ಹಾಗಾಗಿ ಗುಂಡಿ ಒತ್ತಲು ಹೆದರಬೇಡಿ. ಒಂದು ಗುಂಡಿ ಒತ್ತಿದ ಮಾತ್ರಕ್ಕೆ ಕಂಪ್ಯೂಟರ್ ಸುಡುವುದಿಲ್ಲ.

ಅಕ್ಷರ ಸಣ್ಣದಾಗಿ ಕಾಣುತ್ತದೆಯೇ? ಇಂಟರ್‌ನೆಟ್ ಪುಟ ಓದುವಾಗ ಕಂಟ್ರೋಲ್ ಒತ್ತಿಕೊಂಡು ಕೂಡುವ ಗುರುತಿನ ಗುಂಡಿ ಒತ್ತಿ. ಅಕ್ಷರ ದಪ್ಪ ಆಗುತ್ತದೆ. ಕಳೆಯುವ ಗುರುತು ಒತ್ತಿದರೆ ಸಣ್ಣ ಆಗುತ್ತದೆ. ತೆರೆಯನ್ನು ಒಂದು ತೋಳಿನ ದೂರದಲ್ಲಿ ಇಡಿ. ನಡುನಡುವೆ ಎದ್ದು ದೂರದ ಮರ, ಬೆಟ್ಟ ನೋಡಿ. ಕಣ್ಣಿಗೆ ತಂಪು.

ಕಂಪ್ಯೂಟರಿನಲ್ಲಿ ಕನ್ನಡವನ್ನೇ ಬರೆಯಬಹುದು. ಕೆ.ಪಿ. ರಾವ್ ಎಂಬವರು ಇಂಗ್ಲಿಷ್ ಕೀಬೋರ್ಡಿನಲ್ಲೇ ಕನ್ನಡ ಒತ್ತುವ ಒಂದು ಸುಲಭ ಕ್ರಮ ಮಾಡಿದರು. ಕನ್ನಡ ಗಣಕ ಪರಿಷತ್ತು ಮಾಡಿದ 'ನುಡಿ' ಎಂಬ ತಂತ್ರಾಂಶದಲ್ಲಿ ಆ ದಾರಿಯ ಕೀಬೋರ್ಡ್ ಇದೆ. ಅದರಲ್ಲಿ ಅಮ್ಮ ಎಂದು ಬರೆಯಲು ನಾಲ್ಕೇ ಗುಂಡಿ. ಇಂಗ್ಲಿಷಿನ ಎ, ಎಂ, ಎಫ್, ಎಂ. ಎ ಒತ್ತಿದರೆ ಅ. ಎಂ ಒತ್ತಿದರೆ ಮ. ಎಫ್ ಒತ್ತಿ ಮತ್ತೆ ಎಂ ಒತ್ತಿದರೆ ಒತ್ತಕ್ಷರ. ಒತ್ತಕ್ಷರ ಕಲಿತವರಿಗೆ ಇದು ಕಷ್ಟವೇ?

8. ಲೆಕ್ಕ ಎರಡು ಕಡೆ ಇರಲಿ

ಇದು ಈ ಪಾಠದ ಮುಖ್ಯ ಮಾತು. ಕಂಪ್ಯೂಟರ್ ಕೆಟ್ಟರೆ ಇನ್ನೊಂದು ತರಬಹುದು. ಒಳಗಿನ ಲೆಕ್ಕ ಹೋದರೆ ಅಂಗಡಿಯಲ್ಲಿ ಸಿಗುವುದಿಲ್ಲ.

ಬರೆಯುವಾಗ ಆಗಾಗ ಉಳಿಸಿ. ಕಂಟ್ರೋಲ್ ಒತ್ತಿಕೊಂಡು ಎಸ್ ಒತ್ತಿದರೆ ಉಳಿಯುತ್ತದೆ. ಹತ್ತು ಸಾಲಿಗೆ ಒಮ್ಮೆ ಒತ್ತಿ. ಆಗ ಕರೆಂಟು ಹೋದರೂ ಹತ್ತು ಸಾಲು ಮಾತ್ರ ಹೋಗುತ್ತದೆ.

ಬಿತ್ತನೆ ಬೀಜವನ್ನೆಲ್ಲ ಒಂದೇ ಮಡಕೆಯಲ್ಲಿ ಇಡುತ್ತೇವೆಯೇ? ಇಲ್ಲ. ಲೆಕ್ಕವನ್ನೂ ಇಡಬಾರದು. ಒಂದು ಪ್ರತಿ ಕಂಪ್ಯೂಟರಿನಲ್ಲಿ. ಇನ್ನೊಂದು ಪ್ರತಿ ಪೆನ್‌ಡ್ರೈವಿನಲ್ಲಿ. ಆ ಪೆನ್‌ಡ್ರೈವ್ ಬೇರೆ ಮನೆಯಲ್ಲಿ ಇರಲಿ. ಸಂಘದ ಲೆಕ್ಕವಾದರೆ ಪುಸ್ತಕವೂ ಇರಲೇಬೇಕು. ಎಲ್ಲರ ರುಜು ಬೀಳುವುದು ಪುಸ್ತಕದ ಮೇಲೆ. ಎಲ್ಲರೂ ಕೈಯಲ್ಲಿ ಹಿಡಿದು ಓದುವುದು ಪುಸ್ತಕವನ್ನು.

9. ಮೋಸದವರು ಬಂದರೆ

ಮನೆಗೆ ಕಳ್ಳ ಬಾಗಿಲಿನಿಂದ ಬರುತ್ತಾನೆ. ಕಂಪ್ಯೂಟರಿಗೆ ಕಳ್ಳ ಇಂಟರ್‌ನೆಟ್ಟಿನಿಂದ, ಪೆನ್‌ಡ್ರೈವಿನಿಂದ ಬರುತ್ತಾನೆ. ಗೊತ್ತಿಲ್ಲದವರ ಪೆನ್‌ಡ್ರೈವ್ ಚುಚ್ಚಬೇಡಿ.

ಕೆಲವು ಸಲ ತೆರೆಯ ಮೇಲೆ ಕೆಂಪು ಅಕ್ಷರ ಬರುತ್ತದೆ. "ನಿಮ್ಮ ಕಂಪ್ಯೂಟರಿಗೆ ರೋಗ ಬಂದಿದೆ, ಈ ನಂಬರಿಗೆ ಫೋನ್ ಮಾಡಿ" ಎನ್ನುತ್ತದೆ. ಫೋನ್ ಮಾಡಬೇಡಿ. ಅದು ಮೋಸ. ಆ ಪುಟ ಮುಚ್ಚಿ. ಮುಚ್ಚಲು ಆಗದಿದ್ದರೆ ಕಂಪ್ಯೂಟರ್ ಆರಿಸಿ.

ಫೋನಿಗೆ ಬರುವ ಒಟಿಪಿ ನಂಬರನ್ನು ಯಾರು ಕೇಳಿದರೂ ಹೇಳಬೇಡಿ. ಬ್ಯಾಂಕಿನವರು ಅದನ್ನು ಫೋನಿನಲ್ಲಿ ಕೇಳುವುದಿಲ್ಲ. ದುಡ್ಡು ಹೋದದ್ದು ತಿಳಿದರೆ ಕೂಡಲೇ 1930ಕ್ಕೆ ಫೋನ್ ಮಾಡಿ. ಬ್ಯಾಂಕಿಗೂ ತಿಳಿಸಿ. ನಾಚಿಕೆಯಿಂದ ಸುಮ್ಮನಿರಬೇಡಿ. ಬೇಗ ಹೇಳಿದಷ್ಟೂ ದುಡ್ಡು ತಡೆಯುವ ದಾರಿ ಹೆಚ್ಚು.

ಕಂಪ್ಯೂಟರ್ ಆಗಾಗ ಅಪ್‌ಡೇಟ್ ಕೇಳುತ್ತದೆ. ಅದು ಬಾಗಿಲ ಚಿಲಕ ಗಟ್ಟಿ ಮಾಡುವ ಕೆಲಸ. ಮಾಡಲು ಬಿಡಿ. ನಡುವೆ ಸ್ವಿಚ್ ಆರಿಸಬೇಡಿ. ಬಹಳ ಮನೆಗಳ ಹಳೆಯ ಕಂಪ್ಯೂಟರಿನಲ್ಲಿ ವಿಂಡೋಸ್ 10 ಇರುತ್ತದೆ. ಅದಕ್ಕೆ ಕಂಪನಿಯ ಮಾಮೂಲಿ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ನಿಮ್ಮದು ಯಾವುದು ಎಂದು ಬಲ್ಲವರನ್ನು ಕೇಳಿ. ಹಳೆಯದಾದರೆ ಅದರಲ್ಲಿ ಬ್ಯಾಂಕಿನ ಕೆಲಸ ಮಾಡಬೇಡಿ. ಲೆಕ್ಕ, ಪತ್ರ ಬರೆಯಲು ಅಡ್ಡಿಯಿಲ್ಲ.

10. ರಿಪೇರಿಗೆ ಕೊಡುವಾಗ

ಸುಟ್ಟ ವಾಸನೆ, ಹೊಗೆ, ಕಿಡಿ ಬಂದರೆ, ಫ್ಯಾನು ಸದ್ದು ಮಾಡಿದರೆ ರಿಪೇರಿಯವರನ್ನು ಕರೆಯಿರಿ. ಕೊಡುವ ಮುಂಚೆ ಕೇಳಿ: ಏನು ಕೆಟ್ಟಿದೆ? ಎಷ್ಟಾಗುತ್ತದೆ? ಒಳಗಿನ ಲೆಕ್ಕ ಉಳಿಯುತ್ತದೆಯೇ? ತೆಗೆದ ಹಳೆಯ ಭಾಗ ವಾಪಸ್ಸು ಕೊಡುತ್ತೀರಾ? ರಸೀದಿ ಪಡೆಯಿರಿ. ಕೇಳುವುದು ನಮ್ಮ ಹಕ್ಕು. "ನಿಮಗೆ ಗೊತ್ತಾಗಲ್ಲ ಬುಡಿ" ಎಂದರೆ "ತಿಳಿಯೋ ಹಂಗೆ ಹೇಳಪ್ಪ" ಎನ್ನಿ.

ಟೈಲರಕ್ಕ ಏನು ಮಾಡಿದರು?

ಮುಂದಿನ ಭಾನುವಾರ ಮತ್ತೆ ಸಭೆ ಸೇರಿತು. ಮಗಳು ಲೆಕ್ಕವನ್ನು ಕಾಗದದ ಮೇಲೆ ಅಚ್ಚು ಹಾಕಿಸಿ ತಂದಿದ್ದಳು. ಓದಲು ಎದ್ದಳು. ಟೈಲರಕ್ಕ ಕಾಗದ ಇಸ್ಕೊಂಡರು.

"ನಾನೇ ಓದ್ತೀನಿ ಕೊಡವ್ವ."

ಓದಿದರು. ನಿಧಾನವಾಗಿ, ಬೆರಳಿಟ್ಟು ಓದಿದರು. 14 ಹೆಸರು. ಉಳಿತಾಯ, ಸಾಲ, ಬಾಕಿ. ಒಂದು ರೂಪಾಯಿ ಹೆಚ್ಚಿಲ್ಲ, ಕಮ್ಮಿ ಇಲ್ಲ. ಮೊದಲ ಸಭೆಯಲ್ಲಿ ಮಾತಾಡಿದ್ದ ಆ ಅಕ್ಕನೇ ಕೊನೆಗೆ ಎದ್ದರು.

"ಆವತ್ತು ನನ್ ಬಾಯಿ ಸುಮ್ನಿರ್ನಿಲ್ಲ ಕನಕ್ಕ. ತಪ್ಪಾಯ್ತು" ಎಂದರು.

ಈಗ ಕಂಪ್ಯೂಟರ್ ಮಿಷನ್ನಿನ ಪಕ್ಕದಲ್ಲಿಲ್ಲ. ಇನ್ನೊಂದು ಮೂಲೆಯಲ್ಲಿ ಮಣೆಯ ಮೇಲೆ ಇದೆ. ವಾರಕ್ಕೊಮ್ಮೆ ಮಿಷನ್ನಿಗೆ ಬ್ರಷ್ ಹಾಕಿದ ದಿನವೇ ಕಂಪ್ಯೂಟರಿಗೂ ಬೇರೆ ಬ್ರಷ್ ಹಾಕುತ್ತಾರೆ. ಸಂಘದ ಪುಸ್ತಕ ಮತ್ತೆ ಶುರುವಾಗಿದೆ. ಮಗ ಹಬ್ಬಕ್ಕೆ ಬಂದಾಗ ಲೋಟ ಹಿಡಿದು ಕಂಪ್ಯೂಟರಿನ ಮುಂದೆ ಕೂತ. ಟೈಲರಕ್ಕ ಹೇಳಿದರು.

"ಟೀ ಅತ್ಲಾಗೆ ಇಟ್ಟು ಬಾ. ಆಮೇಲೆ ಮುಟ್ಟು."

ಓದಿ, ಗೋಡೆಗೆ ಅಂಟಿಸಿ

ದಿನವೂ: ಶಟ್ ಡೌನ್ ಮಾಡಿ ಆರಿಸುವುದು. ಗೋಡೆಯ ಸ್ವಿಚ್ ಆರಿಸುವುದು.
ವಾರಕ್ಕೊಮ್ಮೆ: ಪಿನ್ ಕಿತ್ತು ಬ್ರಷ್, ಒಣ ಬಟ್ಟೆ. ಲೆಕ್ಕದ ಇನ್ನೊಂದು ಪ್ರತಿ.
ತಿಂಗಳಿಗೊಮ್ಮೆ: ವೈರು ನೋಡುವುದು.
ಐದಾರು ತಿಂಗಳಿಗೊಮ್ಮೆ: ಡಬ್ಬದ ಒಳಗಿನ ಧೂಳು ತೆಗೆಸುವುದು.
ಮೋಡ ಕಟ್ಟಿದರೆ: ಪಿನ್ ಕೀಳುವುದು.

ಉತ್ತರ ಬರೆಯಿರಿ

1. ಟೈಲರಕ್ಕನ ಕಂಪ್ಯೂಟರ್ ಯಾಕೆ ಕೆಟ್ಟಿತು?
2. ಕಂಪ್ಯೂಟರಿನ ನಾಲ್ಕು ಶತ್ರುಗಳು ಯಾವುವು?
3. ಬರೆದದ್ದನ್ನು ಉಳಿಸಲು ಯಾವ ಎರಡು ಗುಂಡಿ ಒತ್ತಬೇಕು?
4. ದುಡ್ಡು ಮೋಸ ಹೋದರೆ ಯಾವ ನಂಬರಿಗೆ ಫೋನ್ ಮಾಡಬೇಕು?

ಸರಿಯೋ ತಪ್ಪೋ ಹೇಳಿ

1. ಕಂಪ್ಯೂಟರ್ ನಡೆಯುವಾಗ ಬಟ್ಟೆ ಹೊದಿಸಬೇಕು.
2. ಶುಚಿ ಮಾಡುವ ಮುಂಚೆ ಪಿನ್ ಕೀಳಬೇಕು.
3. ಫ್ಯಾನಿಗೆ ಮಿಷನ್ ಎಣ್ಣೆ ಬಿಡಬೇಕು.
4. ಸಂಘದ ಲೆಕ್ಕ ಪುಸ್ತಕದಲ್ಲೂ ಇರಬೇಕು.

ಸೇರಿ ಮಾತಾಡಿ

ನಿಮ್ಮ ಮನೆಯಲ್ಲಿ ನಿಮಗೆ "ಮುಟ್ಟಬೇಡ" ಎಂದು ಹೇಳಿದ ವಸ್ತು ಯಾವುದು? ಅದನ್ನು ಮುಟ್ಟಿ ಕಲಿಯಲು ಏನು ಮಾಡಬಹುದು?